ಗುಡ್ಡಕ್ಕೆ ಬರುವಾಗ ಪಹಣಿ ತರಬಾರದು

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಎಚ್.ಡಿ. ಕೋಟೆ, ಈ ನಾಲ್ಕೂ ತಾಲ್ಲೂಕಿನಲ್ಲಿ ಅರ್ಧ ಜನ ‘ಪುಣ್ಯಾತ್ಮ ಕಣ್ರೀ’ ಅನ್ನುತ್ತಾರೆ, ಇನ್ನರ್ಧ ಜನ ಹಳೇ ಫೈಲು ಕಂಕುಳಲ್ಲಿಟ್ಟುಕೊಂಡು ವಕೀಲರ ಮನೆಗೆ ಹೊರಡುತ್ತಾರೆ. ಜಮೀನು ಅಳೆಯುವ ಕೆಲಸಕ್ಕೆ ತಲೆತುಂಬ ಕೂದಲಿದ್ದಾಗ ಸೇರಿ, ತಲೆ ನುಣ್ಣಗಾದ ಮೇಲೆ ನಿವೃತ್ತರಾದವರು. ಅವರು ಕಲ್ಲು ನೆಟ್ಟು ಹೋದ ದಿನ ಒಂದು ಮನೆಯಲ್ಲಿ ಪಾಯಸ ಆಗುತ್ತಿತ್ತು, ಪಕ್ಕದ ಮನೆಯಲ್ಲಿ ಅವರ ವಂಶಕ್ಕೆ ಶಾಪ ಬೀಳುತ್ತಿತ್ತು. ಊರು ಅವರನ್ನು ‘ಸರ್ವೆಯೋರು’ ಅಂತ ಕರೆಯುತ್ತಿತ್ತು, ನಾನೂ ಹಾಗೇ ಕರೆಯುತ್ತೇನೆ. ಹೋದ ತಿಂಗಳು ಅವರ ತಿಥಿ ಊಟ ಮಾಡಿ ಬಂದೆ. ಒಬ್ಬಟ್ಟು ಇಳಿಯಿತು, ಒಂದು ಮಾತು ಮಾತ್ರ ಇನ್ನೂ ಇಳಿದಿಲ್ಲ.

ನನ್ನದು ಹುಣಸೂರಿನಲ್ಲಿ ತಾಲ್ಲೂಕು ಕಚೇರಿ ಎದುರು ಒಂದು ಜೆರಾಕ್ಸ್ ಅಂಗಡಿ. ಟೈಪಿಂಗು, ಪ್ರಿಂಟು, ಲ್ಯಾಮಿನೇಷನ್ನು ಎಲ್ಲ ಮಾಡುತ್ತೇನೆ. ಸುಳ್ಳು ಯಾಕೆ ಹೇಳಲಿ, ನಾನು ಬದುಕುವುದೇ ಅಣ್ಣತಮ್ಮಂದಿರ ಜಗಳದಿಂದ. ಯಾವ ಜಮೀನು ಯಾರ ಹೆಸರಿನಲ್ಲಿದೆ ಅಂತ ತೋರಿಸುವ ಪಹಣಿಯ ನಕಲು ತೆಗೆದು ತೆಗೆದು ನನ್ನ ಮೆಷಿನ್ನಿಗೆ ಈ ಸೀಮೆಯ ದಾಯಾದಿಗಳ ಹೆಸರೆಲ್ಲ ಬಾಯಿಪಾಠವಾಗಿದೆ. ಸರ್ವೆಯೋರು ಕೆಲಸದಲ್ಲಿದ್ದಾಗ ದಿನಕ್ಕೆ ಎರಡು ಸಲವಾದರೂ ಅಂಗಡಿಗೆ ಬರುತ್ತಿದ್ದರು. ನನ್ನ ಹೆಸರು ಅವರಿಗೆ ಕೊನೆಯವರೆಗೂ ಬೇಕಾಗಲಿಲ್ಲ. ‘ಏನಯ್ಯಾ ಜೆರಾಕ್ಸು’ ಅನ್ನುತ್ತಿದ್ದರು.

ನಿವೃತ್ತಿಯಾದ ಮೂರನೇ ತಿಂಗಳು ಒಂದು ಮಧ್ಯಾಹ್ನ ಬಂದು ಗುಂಡಗಿನ ಅಕ್ಷರದಲ್ಲಿ ಬರೆದ ಹಾಳೆ ಮೇಜಿನ ಮೇಲಿಟ್ಟರು. ‘ಉಚಿತ ಕುಟುಂಬ ನಡಿಗೆ. ಭಾನುವಾರ ಬೆಳಿಗ್ಗೆ ಆರಕ್ಕೆ. ಕಲ್ಲುಗುಡ್ಡ, ಕುರುಚಲು ಕಾಡು. ಮಕ್ಕಳನ್ನು ಕರೆತರುವುದು. ಮಕ್ಕಳಿಲ್ಲದವರು ಪಕ್ಕದ ಮನೆಯ ಮಕ್ಕಳನ್ನು ಕರೆತರುವುದು.’ ಸರ್ಕಾರಿ ನೋಟೀಸು ಬರೆದು ಬರೆದು ಕೈ ಹಾಗೇ ಆಗಿಹೋಗಿತ್ತು, ಇಲ್ಲದಿದ್ದರೆ ಮಕ್ಕಳನ್ನು ಕರೆಯುವುದಕ್ಕೆ ಯಾರು ‘ಕರೆತರುವುದು’ ಅಂತ ಬರೆಯುತ್ತಾರೆ?

ಎರಡು ಸಲ ಓದಿದೆ. ಕಡೆಗೆ ನಮ್ಮ ಕಡೆಯವರು ಯಾರಾದರೂ ಕೇಳುವುದನ್ನೇ ಕೇಳಿದೆ.

“ಸಾರ್, ಇದರಲ್ಲಿ ನಿಮಗೇನು ಲಾಭ?”

ಅವರು ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನನ್ನನ್ನು ನೋಡಿದರು. ಹೊಲದಲ್ಲಿ ಕೋಲು ನೆಟ್ಟು ಗೆರೆ ನೇರ ಇದೆಯಾ ಅಂತ ನೋಡಿ ನೋಡಿ ಬಂದ ಅಭ್ಯಾಸ ಅದು. ಆ ಒಂಟಿಗಣ್ಣಿನ ಮುಂದೆ ನಿಂತವನಿಗೆ ತಾನೇ ಎಲ್ಲೋ ಸೊಟ್ಟಗಿದ್ದೇನೆ ಅನ್ನಿಸಿಬಿಡುತ್ತಿತ್ತು.

“ಲಾಭ ಅನ್ನೋ ಕಾಲಮ್ಮು ಅದ್ರಲ್ಲಿಲ್ಲ ಕಣಯ್ಯಾ. ಐವತ್ತು ಕಾಪಿ ತೆಗಿ.”

ಐವತ್ತು ಕಾಪಿಯೂ ಗೋಡೆಗಳ ಮೇಲೆ ಅಂಟಿದವು, ಊರಿನ ಬಾಯಿಗೆ ಒಂದು ವಾರದ ಕೆಲಸ ಸಿಕ್ಕಿತು. ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲುತ್ತಾರೆ ಅಂದರು ಒಬ್ಬರು. ಗುಡ್ಡದ ಬುಡದಲ್ಲಿ ಲೇಔಟ್ ಮಾಡಿದ್ದಾರೆ, ನಡಿಗೆ ಅಂತ ಕರೆದುಕೊಂಡು ಹೋಗಿ ಸೈಟು ತೋರಿಸುತ್ತಾರೆ ಅಂದರು ಇನ್ನೊಬ್ಬರು. ಹಳೇ ನಕ್ಷೆಯಲ್ಲಿ ನಿಧಿ ಇರುವ ಜಾಗ ಅವರಿಗೆ ಗೊತ್ತು, ಒಬ್ಬರೇ ಹೋಗುವುದಕ್ಕೆ ಪುಕ್ಕಲು ಅಂದ ಟೀ ಅಂಗಡಿಯವನು. ಪುಕ್ಕಟೆ ಬಿರಿಯಾನಿ ಅಂದರೆ ಕಾರಣ ಕೇಳದೆ ಸಾಲು ನಿಲ್ಲುವ ಜನ ನಾವು. ಪುಕ್ಕಟೆ ನಡಿಗೆ ಅಂದಾಗ ಮಾತ್ರ ಬುದ್ಧಿ ಚುರುಕಾಯಿತು. ಮೊದಲ ಭಾನುವಾರ ಅವರ ಜೊತೆ ಗುಡ್ಡ ಹತ್ತಿದವರು ಅವರ ಹೆಂಡತಿ, ಮತ್ತೆ ಬಸ್‌ಸ್ಟ್ಯಾಂಡಿನಿಂದ ಹಿಂದೆ ಬಿದ್ದ ಒಂದು ನಾಯಿ.

ಊರು ಹೀಗೆ ಅನುಮಾನಪಟ್ಟ ಮನುಷ್ಯ ಎಂಥವರು ಅಂತ ಹೇಳಿಬಿಡುತ್ತೇನೆ. ಕೆಲಸ ಮಾಡಿದಷ್ಟು ವರ್ಷ ಅವರು ಯಾರ ಮನೆಯಲ್ಲೂ ಒಂದು ಲೋಟ ಕಾಫಿ ಕುಡಿಯಲಿಲ್ಲ. ಹೆಗಲಲ್ಲಿ ಒಂದು ಫ್ಲಾಸ್ಕು ಯಾವಾಗಲೂ ತೂಗಾಡುತ್ತಿತ್ತು. “ಕಾಫಿ ಕುಡುದ್ರೆ ಕಲ್ಲು ಅರ್ಧ ಅಡಿ ಜರುಗ್ತದೆ ಕಣಯ್ಯಾ. ಊಟ ಮಾಡುದ್ರೆ ಬದಿನ ಮೇಲಿರೋ ಮರಾನೂ ಎದ್ದು ಹೊರಡ್ತದೆ” ಅನ್ನುತ್ತಿದ್ದರು. ಬಾಳೆಗೊನೆ ತಂದು ಜಗಲಿಯ ಮೇಲಿಟ್ಟು ಓಡಿಹೋದವನ ಮನೆಗೆ ಆ ಗೊನೆಯನ್ನು ತಾವೇ ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ವಾಪಸು ಕೊಟ್ಟು ಬಂದರು. ಇಂಥವರನ್ನು ಯಾರು ಪ್ರೀತಿಸುತ್ತಾರೆ ಹೇಳಿ. ಲಂಚ ತಿನ್ನುವವನಾದರೆ ತಿನ್ನಿಸಿದವನೊಬ್ಬನಾದರೂ ಹೊಗಳುತ್ತಾನೆ, ಇವರನ್ನು ಗೆದ್ದವನೂ ನಂಬಲಿಲ್ಲ, ಸೋತವನೂ ನಂಬಲಿಲ್ಲ.

ಒಂದು ಸಲ ಯಾಕೆ ಸಾರ್ ಈ ಗುಡ್ಡದ ಹುಚ್ಚು ಅಂತ ಕೇಳಿದ್ದಕ್ಕೆ ಹೇಳಿದರು: “ಇಷ್ಟು ವರ್ಷ ಹೋದ ಕಡೆಯೆಲ್ಲ ಜನ ನನ್ನ ಮುಖ ನೋಡ್ಲಿಲ್ಲ ಕಣಯ್ಯಾ, ಕೈಲಿದ್ದ ಅಳತೆ ಸರಪಳಿ ನೋಡುದ್ರು. ಸುಮ್ನೆ ನಡೆಯೋಕೆ ಜೊತೆಗೆ ನಾಲ್ಕು ಜನ ಬಂದ್ರೆ ಸಾಕು. ಏನೂ ಬೇಕು ಅನ್ನದೆ ಬರೋ ನಾಲ್ಕು ಜನ.” ಅಷ್ಟೇ ಅವರಿಗೆ ಬೇಕಾಗಿದ್ದದ್ದು. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಅದು ಎಂಥ ದುಬಾರಿ ಆಸೆ ಅಂತ ಇಷ್ಟು ಜಮೀನು ಅಳೆದವರಿಗೂ ಅಂದಾಜು ಸಿಕ್ಕಿರಲಿಲ್ಲ.

ನಾಲ್ಕನೇ ಭಾನುವಾರದ ಹೊತ್ತಿಗೆ ಯಾರಿಗೋ ಒಂದು ವಿಷಯ ಹೊಳೆಯಿತು. ನಲವತ್ತು ಸಾವಿರ ಜಮೀನಿನ ಗುಟ್ಟು ತಲೆಯಲ್ಲಿರುವ ಸರ್ವೆಯೋರು ಮೂರು ಗಂಟೆ ಹೊತ್ತು ಗುಡ್ಡದ ಮೇಲೆ ಇರುತ್ತಾರೆ. ಕಚೇರಿಯಲ್ಲಿ ಆಗಿದ್ದರೆ ‘ಸಾಹೇಬ್ರು ಫೀಲ್ಡಿಗೆ ಹೋಗವ್ರೆ’ ಅಂತ ಹೇಳಿ ಸಾಗಹಾಕಬಹುದು. ಗುಡ್ಡದಿಂದ ಎಲ್ಲಿಗೆ ಹೋಗುತ್ತಾರೆ? ಸುದ್ದಿ ಹಬ್ಬಿತು. ಶನಿವಾರ ಸಂಜೆ ನನ್ನ ಅಂಗಡಿಯ ಮುಂದೆ ಪಹಣಿ ನಕಲಿಗೆ ಜನವೋ ಜನ. “ಬೆಟ್ಟದಲ್ಲಿ ಇಬ್ಬನಿ ಬಿದ್ದು ನೆಂದೋಯ್ತದೆ, ಲ್ಯಾಮಿನೇಷನ್ ಮಾಡ್ಕೊಡಿ” ಅಂದರು. ಮಾಡಿಕೊಟ್ಟೆ. ಎಲ್ಲರ ಹೆಗಲ ಮೇಲೂ ಒಂದೊಂದು ಮಗು, ಬಾಯಲ್ಲಿ ಪ್ರಕೃತಿ, ಬ್ಯಾಗಿನಲ್ಲಿ ಪಹಣಿ.

ನನ್ನ ಬ್ಯಾಗಿನಲ್ಲೂ ಇತ್ತು. ಕಟ್ಟೆಮಳಲವಾಡಿಯಲ್ಲಿ ನಮಗೂ ನಮ್ಮ ದೊಡ್ಡಪ್ಪನ ಮಗನಿಗೂ ಅಕ್ಕಪಕ್ಕದ ಹೊಲ, ನಡುವೆ ಬದು, ಬದಿನ ಮೇಲೊಂದು ಹೊಂಗೆ ಮರ. ಆ ಮರ ಯಾರದು ಅಂತ ಆರು ವರ್ಷದಿಂದ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಮರ ನಮ್ಮದೇ ಅಂತ ನಾನು ಎದೆ ತಟ್ಟಿ ಹೇಳುತ್ತಿದ್ದೆ, ಎದೆ ತಟ್ಟುವುದು ಬಿಟ್ಟರೆ ಬೇರೆ ದಾಖಲೆ ಇರಲಿಲ್ಲ. ಅದಕ್ಕೇ ಪಹಣಿಗೆ ದಪ್ಪನೆಯ ಲ್ಯಾಮಿನೇಷನ್ ಹಾಕಿ ಪುಳಿಯೋಗರೆ ಡಬ್ಬಿಯ ಕೆಳಗಿಟ್ಟುಕೊಂಡು, ಹೆಂಡತಿಯನ್ನೂ ಎಂಟು ವರ್ಷದ ಮಗಳು ಸಿಂಚನಳನ್ನೂ ಕರೆದುಕೊಂಡು ಹೊರಟೆ. ಹೆಂಡತಿಗೆ ಹೇಳಿದ್ದು, ಮಗೂಗೆ ಒಂಚೂರು ಗಾಳಿ ಬೆಳಕು ಬೇಡವೇ ಅಂತ.

ಗುಡ್ಡ ಹುಣಸೂರಿನಿಂದ ಕೋಟೆ ಕಡೆಗೆ, ಕಾಡಿನ ಗಡಿಗೆ ಇನ್ನೂ ದೂರ ಇರುವಂತೆಯೇ ಬರುತ್ತದೆ. ಕಾಡಿನೊಳಕ್ಕೆ ಅವರು ಯಾರನ್ನೂ ಕರೆದುಕೊಂಡು ಹೋಗುತ್ತಿರಲಿಲ್ಲ. “ಅದು ಆನೆಗಳ ಹಿಡುವಳಿ, ನಮ್ಗೆ ಪ್ರವೇಶ ಇಲ್ಲ” ಅನ್ನುತ್ತಿದ್ದರು. ಮನೆಯಷ್ಟೆತ್ತರದ ಬಂಡೆಗಳು, ನಡುವೆ ಕಾರೆ ಮುಳ್ಳು, ತಂಗಡಿ, ಲಂಟಾನ. ಎಲ್ಲೋ ನವಿಲು ಕೂಗುತ್ತದೆ, ಕಾಲ ಬಳಿ ಓತಿಕ್ಯಾತ ಓಡುತ್ತದೆ. “ದಾಖಲೇಲಿ ಈ ಜಾಗಕ್ಕೆ ಖರಾಬು ಅಂತ ಬರೆದವ್ರೆ. ಉಪಯೋಗಕ್ಕೆ ಬಾರದ ನೆಲ ಅಂತ. ನಾನೇ ಎಷ್ಟು ಸಲ ಬರ್ದಿದ್ದೀನೋ. ಈಗ ನೋಡುದ್ರೆ ತಾಲ್ಲೂಕಲ್ಲಿ ಚೆನ್ನಾಗಿ ಉಳಿದಿರೋದೇ ಇದು” ಅಂತ ಹೇಳಿ ನಿಂತು ಉಸಿರು ಬಿಟ್ಟರು.

ನಿಯಮ ಎರಡೇ. ಮಕ್ಕಳು ಮುಂದೆ, ದೊಡ್ಡವರು ಹಿಂದೆ. ದಾರಿ ಕವಲೊಡೆದರೆ ಎಲ್ಲಿಗೆ ಹೋಗಬೇಕು ಅಂತ ಮಕ್ಕಳೇ ತೀರ್ಮಾನ ಮಾಡಬೇಕು. ಇದನ್ನು ಕೇಳಿ ದೊಡ್ಡವರಿಗೆ ಕೈಕಾಲು ಕಟ್ಟಿದಂತಾಯಿತು. ಟ್ಯೂಷನ್ ಹೇಳಿಕೊಡುವ ಒಬ್ಬರು ಅಮ್ಮ ಪ್ರತಿ ಗಿಡದ ಮುಂದೂ ಮಗನನ್ನು ನಿಲ್ಲಿಸಿ ಅದರ ವೈಜ್ಞಾನಿಕ ಹೆಸರು ಕೇಳುತ್ತಿದ್ದರು. ಬ್ಯಾಂಕಿನ ಒಬ್ಬರು ತಮ್ಮ ಮಗಳು ನಗುವುದನ್ನು ವಿಡಿಯೋ ಮಾಡುವುದಕ್ಕಾಗಿ ಅವಳನ್ನು ಮೂರು ಸಲ ಒಂದೇ ಬಂಡೆ ಹತ್ತಿಸಿದರು, ಮೂರನೇ ಸಲಕ್ಕೆ ಅವಳು ಅಳುತ್ತಿದ್ದಳು. ಇನ್ನೊಬ್ಬರು, “ಸಾರ್, ಹತ್ತಿದ ಮಕ್ಕಳಿಗೆ ಸರ್ಟಿಫಿಕೇಟ್ ಏನಾದ್ರೂ ಕೊಡ್ತೀರಾ?” ಅಂತ ಕೇಳಿದರು.

“ಕೊಡ್ತೀನಿ. ಮುಳ್ಳು ತರಚಿರೋ ಮೊಣಕೈ ನೋಡ್ಕೊಳಿ, ಸೀಲು ಸಮೇತ ಅದೆ” ಅಂದರು ಸರ್ವೆಯೋರು.

ಒಂದು ಹುಡುಗಿ ಹಕ್ಕಿ ತೋರಿಸಿ ಅದರ ಹೆಸರೇನು ತಾತ ಅಂದಳು. “ನಂಗೊತ್ತಿಲ್ಲ ಮಗಾ. ಅದುಕ್ಕೂ ಗೊತ್ತಿದ್ದಂಗೆ ಕಾಣೆ, ನೋಡು ಎಷ್ಟು ಅರಾಮಾಗಿ ಕೂತದೆ” ಅಂದರು. ಟ್ಯೂಷನ್ ಅಮ್ಮನಿಗೆ ಆವತ್ತೇ ಅವರ ಮೇಲಿನ ಗೌರವ ಹೋಯಿತು. ಮಾತಿನ ನಡುವೆ ಸುಮ್ಮನಾದಾಗ ಸರ್ವೆಯೋರ ತುಟಿ ಅಲ್ಲಾಡುತ್ತಿತ್ತು. ಮಂತ್ರ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ. ಹತ್ತಿರ ಹೋದರೆ ಹೆಜ್ಜೆ ಎಣಿಸುತ್ತಿದ್ದರು. ಮೂವತ್ತಮೂರು ಅಡಿಗೆ ಒಂದು ಸರಪಳಿ ಲೆಕ್ಕ, ಬಿಡಬೇಕು ಅಂದರೂ ಕಾಲು ಬಿಡುತ್ತಿಲ್ಲ ಅಂತ ನಾಚಿಕೊಂಡು ನಕ್ಕರು.

ತುದಿಯಲ್ಲಿ ಅಗಲವಾದ ಹಾಸುಬಂಡೆ ಇತ್ತು, ಒಂದು ಕಡೆ ನುಣ್ಣಗೆ ಇಳಿಜಾರು. ತಿಂಡಿ ಡಬ್ಬಿ ತೆಗೆದಿದ್ದೇ ತಡ, ಚಿತ್ರಾನ್ನದ ಕೆಳಗಿಂದ, ಕಡ್ಲೆಪುರಿ ಕವರಿನ ಹಿಂದಿಂದ, ಮಗುವಿನ ಸ್ವೆಟರಿನ ಒಳಗಿಂದ ಪಹಣಿಗಳು ಎದ್ದು ಬಂದವು. “ಸಾರ್, ಇದೊಂಚೂರು ನೋಡಿ.” “ಸಾ, ನಮ್ದು ಚಿಕ್ಕದು, ಬರೀ ಮೂರು ಗುಂಟೆ ವಿಚಾರ.” “ನಮ್ಮಾವ ಮೋಸ ಮಾಡ್ಬುಟ್ಟವ್ರೆ ಸಾ.” ಹನ್ನೊಂದು ಜನ ಸುತ್ತ ನಿಂತರು. ಸರ್ವೆಯೋರ ಮುಖ ಒಂದು ಗಳಿಗೆ ಬಾಡಿಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ಅಷ್ಟು ಹತ್ತಿ ಬಂದದ್ದು ಮತ್ತೆ ಅದೇ ಕಚೇರಿಗಾ ಅನ್ನುವಂತಿತ್ತು.

ಆಮೇಲೆ ಮೆಲ್ಲಗೆ ಎಲ್ಲರ ಕೈಯಿಂದಲೂ ಪಹಣಿ ಇಸಿದುಕೊಂಡರು. ಓದುತ್ತಾರೆ ಅಂತ ಎಲ್ಲರೂ ಉಸಿರು ಬಿಗಿಹಿಡಿದರು. ಅವರು ಮಕ್ಕಳನ್ನು ಕೂಗಿದರು. ಒಂದೊಂದು ಮಗುವಿಗೆ ಒಂದೊಂದು ಪಹಣಿ ಕೊಟ್ಟು, “ಇದರ ಮೇಲೆ ಕೂತ್ಕೊಂಡು ಜಾರಿ” ಅಂದರು.

ಲ್ಯಾಮಿನೇಷನ್ ಮಾಡಿದ ಪಹಣಿ ಬಂಡೆಯ ಮೇಲೆ ಎಷ್ಟು ಚೆನ್ನಾಗಿ ಜಾರುತ್ತದೆ ಅನ್ನುವುದು ಈ ಕಸುಬಿನಲ್ಲಿರುವ ನನಗೇ ಗೊತ್ತಿರಲಿಲ್ಲ. ಮೂರು ತಲೆಮಾರಿನ ವ್ಯಾಜ್ಯಗಳು ಸೊಂಯ್ ಅಂತ ಇಳಿದು ಹುಲ್ಲಿನಲ್ಲಿ ಬಿದ್ದವು. ಮಕ್ಕಳು ಕೇಕೆ ಹಾಕುತ್ತಾ ಮತ್ತೆ ಹತ್ತಿ ಮತ್ತೆ ಜಾರಿದರು. ದೊಡ್ಡವರ ಮುಖ ಹುಳ್ಳಗಾಯಿತು. ನಾನು ಬ್ಯಾಗಿಗೆ ಕೈ ಹಾಕಲೋ ಬೇಡವೋ ಅಂತ ಪುಳಿಯೋಗರೆಯನ್ನು ಬಾಯಿತುಂಬ ತುಂಬಿಕೊಂಡು ಕೂತಿದ್ದೆ. ಸರ್ವೆಯೋರು ಮಕ್ಕಳ ಜೊತೆ ಸ್ವಲ್ಪ ಹೊತ್ತು ಇದ್ದು, ನೇರ ನನ್ನ ಹತ್ತಿರ ಬಂದು ಕೂತರು. ಹೆಗಲ ಮೇಲೆ ಕೈ ಹಾಕಿದರು.

“ನೀನೊಬ್ನೇ ಕಣಯ್ಯಾ ಜೆರಾಕ್ಸು, ಕಾಗದ ತರದೆ ಬಂದೋನು.”

ನನ್ನ ಬಾಯಲ್ಲಿ ಪುಳಿಯೋಗರೆ ಇತ್ತು. ನುಂಗಿದ ಮೇಲೆ ಹೇಳಬಹುದಿತ್ತು, ಹೇಳಲಿಲ್ಲ. ಮನೆಗೆ ಬಂದು ಬ್ಯಾಗು ಕೊಡವಿದರೆ ಪಹಣಿ ಇರಲಿಲ್ಲ. ದಾರಿಯಲ್ಲಿ ಎಲ್ಲೋ ಬಿತ್ತು, ಒಳ್ಳೆಯದೇ ಆಯಿತು, ಸಾಕ್ಷಿ ಹೋಯಿತು ಅಂದುಕೊಂಡೆ.

ಮುಂದಿನ ತಿಂಗಳ ನೋಟೀಸಿಗೆ ಅವರು ಒಂದು ಸಾಲು ಸೇರಿಸಿದರು: ‘ವಿ.ಸೂ.: ಗುಡ್ಡಕ್ಕೆ ಬರುವಾಗ ಪಹಣಿ ತರಬಾರದು.’ ಟೈಪ್ ಮಾಡುವಾಗ ನನ್ನ ಬೆರಳು ಎರಡು ಸಲ ತಪ್ಪಿತು. ಪ್ರಿಂಟು ತೆಗೆದುಕೊಂಡು ಹೋಗುವಾಗ ಅವರು, “ನಿನ್ ಮನೆ ಹತ್ರಾನೇ ಅಲ್ವಾ? ನಡಿ, ಒಂದ್ಲೋಟ ಕಾಫಿ ಕುಡ್ಕೊಂಡ್ ಹೋಗ್ತೀನಿ” ಅಂದರು. ಯಾರ ಮನೆಯ ಹೊಸ್ತಿಲಲ್ಲೂ ಲೋಟ ಹಿಡಿಯದ ಮನುಷ್ಯ ನಮ್ಮ ಮನೆಯಲ್ಲಿ ಕೂತು, ಎರಡು ಕೈಯಲ್ಲೂ ಲೋಟ ಹಿಡಿದು, ಕೊನೆ ಗುಟುಕಿನವರೆಗೂ ಕುಡಿದರು. “ಚೆನ್ನಾಗದೆ ಕಣವ್ವಾ” ಅಂತ ನನ್ನ ಹೆಂಡತಿಗೆ ಹೇಳಿದರು. ಬೀದಿಯವರೆಲ್ಲ ಕಿಟಕಿಯಲ್ಲಿ ನೋಡುತ್ತಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ, ಗೂಟದಲ್ಲಿ ನೇತಾಡುತ್ತಿದ್ದ ಆ ಬ್ಯಾಗನ್ನು ಮಾತ್ರ ತೆಗೆದು ಮಂಚದ ಕೆಳಗೆ ತಳ್ಳಿದೆ.

ಒಂದು ವರ್ಷ ನಡಿಗೆ ಚೆನ್ನಾಗಿ ನಡೆಯಿತು. ಪಿರಿಯಾಪಟ್ಟಣದ ಕಡೆ ಒಂದು ಗುಡ್ಡ, ಕೃಷ್ಣರಾಜನಗರದ ಕಡೆ ನಾಲೆ ಏರಿ ಹಿಡಿದು ಹೊಳೆಯವರೆಗೆ, ಕೋಟೆ ಕಡೆ ಒಂದು ಹಾಳುಬಿದ್ದ ಕೆರೆ. ಪಹಣಿ ತಂದವರು ಮೆಲ್ಲಗೆ ಉದುರಿದರು, ಏಳೆಂಟು ಮನೆಯವರು ಉಳಿದೆವು. ಟ್ಯೂಷನ್ ಅಮ್ಮನೂ ಬ್ಯಾಂಕಿನವರೂ ಉಳಿದರು, ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ. ಬಂಡೆ ಹತ್ತಲು ಹೆದರುತ್ತಿದ್ದ ನನ್ನ ಮಗಳು ಎಲ್ಲರಿಗಿಂತ ಮುಂದೆ ಹೋಗುವ ಹಾಗಾದಳು. ಎಲ್ಲರೆದುರೂ ಸರ್ವೆಯೋರು ನನ್ನನ್ನು ತೋರಿಸಿ ‘ಕಾಗದ ತರದೆ ಬಂದೋನು’ ಅಂತ ಹೇಳುತ್ತಿದ್ದರು, ನಾನು ಪ್ರತಿ ಸಲವೂ ಶೂ ಲೇಸು ಕಟ್ಟಿಕೊಳ್ಳುತ್ತಿದ್ದೆ.

ಆಮೇಲೆ ಕಡ್ಡಿಗಳ ಭಾನುವಾರ ಬಂತು. ಈ ಸಲ ಮಕ್ಕಳೇ ಪೂರ್ತಿ ದಾರಿ ಹುಡುಕಲಿ ಅಂತ ಸರ್ವೆಯೋರು ಒಂದು ಆಟ ಯೋಚಿಸಿದರು. ವೀರನಹೊಸಹಳ್ಳಿ ಕಡೆಯ ಒಂದು ಹಳ್ಳಿಯ ರಸ್ತೆಯಿಂದ ಗುಡ್ಡದ ಬುಡದವರೆಗೆ, ಗಾಡಿ ಜಾಡಿನ ಗುಂಟ ಬಿದಿರು ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿ ನೆಡುವುದು, ಮಕ್ಕಳು ಆ ಕೆಂಪು ಹಿಡಿದುಕೊಂಡು ಹೋಗುವುದು. ಶನಿವಾರ ಒಬ್ಬರೇ ಹೋಗಿ ನಲವತ್ತು ಕಡ್ಡಿ ನೆಟ್ಟು ಬಂದರು. ಇಷ್ಟು ವರ್ಷ ಆ ಕೆಲಸ ಮಾಡಿದವರಿಗೆ, ಕೆಂಪು ಬಟ್ಟೆಯ ಕಡ್ಡಿ ನೆಡುವ ಸರ್ವೆಯೋರನ್ನು ಕಂಡರೆ ಒಬ್ಬ ರೈತನಿಗೆ ಏನನ್ನಿಸುತ್ತದೆ ಅಂತ ಹೊಳೆಯಲಿಲ್ಲ ನೋಡಿ. ಅವರ ಮಟ್ಟಿಗೆ ತಾವು ನಿವೃತ್ತರಾಗಿದ್ದರು. ಹಳ್ಳಿಯ ಮಟ್ಟಿಗೆ ರೋಡು ಬರುವುದಿತ್ತು, ಜಮೀನು ಹೋಗುವುದಿತ್ತು.

ಸಂಜೆಯೊಳಗೆ ಪ್ರತಿಯೊಬ್ಬರೂ ತಮ್ಮ ಹೊಲದ ಅಂಚಿನಲ್ಲಿದ್ದ ಕಡ್ಡಿ ಕಿತ್ತರು. ಕಿತ್ತು ಬಿಸಾಡಿದರೆ ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಕೇಸು ಆಗಬಹುದು. ಅದಕ್ಕೇ ತಮಗೆ ಆಗದವರ ಹೊಲಕ್ಕೆ ಒಯ್ದು ನೆಟ್ಟರು. ಅವರು ಅಲ್ಲಿಂದ ಕಿತ್ತು ತಮಗೆ ಆಗದವರ ಹೊಲಕ್ಕೆ ನೆಟ್ಟರು. ಬೆಳಗಾಗುವ ಹೊತ್ತಿಗೆ ಆ ನಲವತ್ತು ಕಡ್ಡಿ, ಊರಿನಲ್ಲಿ ಯಾರಿಗೆ ಯಾರನ್ನು ಕಂಡರೆ ಆಗುವುದಿಲ್ಲ ಅನ್ನುವುದರ ಪಕ್ಕಾ ನಕ್ಷೆಯಾಗಿ ನಿಂತಿತ್ತು.

ನಮ್ಮ ಮಕ್ಕಳು ಆ ನಕ್ಷೆ ಹಿಡಿದು ಹೊರಟರು. ಹೊಗೆಸೊಪ್ಪಿನ ಸಾಲಿನೊಳಗೆ ನುಗ್ಗಿ, ರಾಗಿ ಹೊಲ ದಾಟಿ, ಒಬ್ಬರ ಹಸು ಕೊಟ್ಟಿಗೆಯ ಹಿಂದಿನಿಂದ ಬಂದು, ಮತ್ತೆ ಅದೇ ಹೊಗೆಸೊಪ್ಪಿನ ಸಾಲಿಗೆ ಬಂದೆವು. ಬಿಸಿಲೇರಿತು. ನೀರು ಮುಗಿಯಿತು. ಸರ್ವೆಯೋರು ಎಲ್ಲರಿಗಿಂತ ಹಿಂದೆ, ಒಂದು ಕಣ್ಣು ಮುಚ್ಚಿಕೊಂಡು, ಮುಸಿಮುಸಿ ನಗುತ್ತಾ ಬರುತ್ತಿದ್ದರು. ಮೂರನೇ ಕಡ್ಡಿಯಲ್ಲೇ ಅವರಿಗೆ ಗೊತ್ತಾಗಿತ್ತಂತೆ. ಮಕ್ಕಳು ಅಷ್ಟು ಖುಷಿಯಾಗಿ ಹೋಗುತ್ತಿವೆ, ಯಾಕೆ ತಡೆಯಲಿ ಅಂತ ಸುಮ್ಮನಿದ್ದರಂತೆ.

ನಡುವೆ ಒಂದು ಹೊಲದಲ್ಲಿ ಪಂಚೆ ಎತ್ತಿ ಕಟ್ಟಿದ ಒಬ್ಬ ಯಜಮಾನ ಅಡ್ಡ ನಿಂತ.

“ಯಾವ್ ರೋಡ್ ಸಾ ಬತ್ತಿರೋದು?”

“ರೋಡೂ ಇಲ್ಲ ಏನೂ ಇಲ್ಲ ಕಣಪ್ಪಾ. ಮಕ್ಳು ಗುಡ್ಡ ಹತ್ತೋಕೆ ಬಂದವೆ” ಅಂದರು ಸರ್ವೆಯೋರು.

“ಸುಮ್ಕೆ ಯಾರಾರ ಗುಡ್ಡ ಹತ್ತಾರಾ ಸಾ? ನಾವೇನು ದಡ್ರಾ? ರೋಡ್ ಬರದಾದ್ರೆ ನಮ್ಮಣ್ಣನ ಕಡೀಕೆ ತಿರುಗ್ಸಿ. ಅವ್ನೊಲ ಅಗಲಾಗದೆ.”

ಬದಿನ ಆಚೆಯಿಂದ ಅವನ ಅಣ್ಣ ಎದ್ದು ನಿಂತ. “ಯಾರ್ಲಾ ಅದು ನನ್ನೊಲಕ್ಕೆ ರೋಡ್ ತಿರುಗ್ಸೋನು?” ಮಾತಿಗೆ ಮಾತು ಬೆಳೆದು ಇಬ್ಬರೂ ಕೊರಳಪಟ್ಟಿ ಹಿಡಿದುಕೊಂಡರು. ಮಕ್ಕಳು ಜಗಳ ನೋಡಿ ಮುಗಿಸಿ ಮುಂದಿನ ಕೆಂಪು ಬಟ್ಟೆ ಹುಡುಕುತ್ತಾ ಓಡಿದರು. ಯಾರೋ ಬುದ್ಧಿವಂತ, ಯಾರ ತಂಟೆಯೂ ಬೇಡ ಅಂತ ಕೊನೆಯ ನಾಲ್ಕೈದು ಕಡ್ಡಿಯನ್ನು ಒಯ್ದು ಆನೆಗಳು ದಾಟದಿರಲಿ ಅಂತ ಕಾಡಿನ ಅಂಚಿಗೆ ತೋಡಿದ ಕಂದಕದ ಹತ್ತಿರ ನೆಟ್ಟಿದ್ದ. ಕಂದಕ ಕಂಡ ತಕ್ಷಣ ಸರ್ವೆಯೋರ ನಗು ನಿಂತಿತು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಮಕ್ಕಳನ್ನೆಲ್ಲ ಕೈಚಾಚಿ ತಡೆದು ಹಿಂದಕ್ಕೆ ತಂದರು. ಅಲ್ಲಿ ಬಿದ್ದಿದ್ದ ಲದ್ದಿಯಿಂದ ಇನ್ನೂ ಹಬೆ ಏಳುತ್ತಿತ್ತು. ಯಾರಿಗೂ ಏನೂ ಆಗಲಿಲ್ಲ. ಬ್ಯಾಂಕಿನವರ ಫೋನು ಬಿದ್ದು ಗಾಜು ಒಡೆಯಿತು, ಟ್ಯೂಷನ್ ಅಮ್ಮನ ಮಗನ ಮೊಣಕಾಲು ತರಚಿತು. “ಇದು ನನ್ನ ತಪ್ಪು. ಮೂರನೇ ಕಡ್ಡೀಲೇ ನಿಲ್ಲಿಸಬೇಕಿತ್ತು” ಅಂತ ಸರ್ವೆಯೋರು ಎಲ್ಲರ ಮುಂದೆ ಕೈಮುಗಿದರು.

ಸೋಮವಾರ ಸಂಜೆ ಎಲ್ಲರೂ ನನ್ನ ಅಂಗಡಿಯಲ್ಲಿ ಸೇರಿದರು. ನಡಿಗೆಯವರ ವಾಟ್ಸಾಪ್ ಗ್ರೂಪಿನಲ್ಲಿ ಬೆಳಗಿನಿಂದ ಬೆಂಕಿ ಬಿದ್ದಿತ್ತು. ಜವಾಬ್ದಾರಿ ಯಾರು, ಮಕ್ಕಳಿಗೆ ಏನಾದರೂ ಆಗಿದ್ದರೆ ಯಾರು, ಪುಕ್ಕಟೆ ಅಂದರೆ ಹಿಂಗೇ. ಕೈಮುಗಿದದ್ದು ಯಾರಿಗೂ ಸಾಲಲಿಲ್ಲ. ಬ್ಯಾಂಕಿನವರು ತನಿಖೆಯನ್ನೂ ಮುಗಿಸಿದ್ದರು. “ಅಲ್ಲಿ ನಿಜವಾಗ್ಲೂ ರೋಡ್ ಬರ್ತಿದೆ. ಯಾರೋ ಇವರ ಕೈಲಿ ಗುಟ್ಟಾಗಿ ಅಳತೆ ಮಾಡಿಸ್ತಿದ್ದಾರೆ. ನಮ್ಮನ್ನ, ಮಕ್ಕಳನ್ನ ಮುಂದೆ ಬಿಟ್ಟಿದ್ದು ಯಾರೂ ತಡೀಬಾರ್ದು ಅಂತ.” ಎಲ್ಲರೂ ಹೌದು ಹೌದು ಅಂದರು. ಕಾರಣ ಸಿಕ್ಕಿದ್ದೇ ಎಲ್ಲರಿಗೂ ಎಷ್ಟು ಸಮಾಧಾನ! ಒಂದು ವರ್ಷದಿಂದ ಕಾರಣವಿಲ್ಲದ ಮನುಷ್ಯನ ಜೊತೆ ನಡೆದು ನಡೆದು ಅವರಿಗೂ ಸುಸ್ತಾಗಿತ್ತು.

ಆಮೇಲೆ ನನ್ನ ಕಡೆ ತಿರುಗಿದರು. “ನಿಮ್ಮನೇಲಿ ಕಾಫಿ ಕುಡಿಯೋಷ್ಟು ಹತ್ತಿರ ಅವರು. ನೀವೇ ಹೇಳಿ, ಅವರಿಗೇನು ಲಾಭ?”

‘ಏನೂ ಇಲ್ಲ ಕಣ್ರೀ’ ಅನ್ನಬೇಕಿತ್ತು. ಮೂರು ಮಾತು. ಅಂದರೆ ಮುಂದಿನ ಪ್ರಶ್ನೆ ‘ಹಾಗಾದ್ರೆ ನಿಮಗೇನು ಲಾಭ’ ಅಂತ ಬರುತ್ತದೆ, ಬ್ಯಾಗಿನಲ್ಲಿದ್ದ ಪಹಣಿ ಆಚೆ ಬರುತ್ತದೆ. ನಾನು ಮೆಷಿನ್ ಒರೆಸುತ್ತಾ, “ಅದೇ ನನಗೂ ಇವತ್ತಿನವರೆಗೂ ಅರ್ಥವಾಗಿಲ್ಲ” ಅಂದೆ.

ತಲೆ ಎತ್ತಿದರೆ ಮೆಟ್ಟಿಲ ಮೇಲೆ ಅವರು ನಿಂತಿದ್ದರು. ಹೊಲ ಹೊಲ ತಿರುಗಿ ವಾಪಸು ಹುಡುಕಿ ತಂದ ಕಡ್ಡಿಗಳ ಕಟ್ಟು ಕಂಕುಳಲ್ಲಿತ್ತು. ನನ್ನನ್ನು ನೋಡುವಾಗ ಅವರು ಕಣ್ಣು ಮುಚ್ಚಲಿಲ್ಲ, ಎರಡೂ ಕಣ್ಣಿನಿಂದ ನೋಡಿದರು. “ಹೋಗ್ಲಿ ಬುಡಿ” ಅಂತ ಎಲ್ಲರಿಗೂ ಸೇರಿಸಿ ಹೇಳಿ ಇಳಿದು ಹೋದರು. ನೋಟೀಸು ಪ್ರಿಂಟು ಮಾಡಿಸುವುದಕ್ಕೆ ಮತ್ತೆ ಬರಲಿಲ್ಲ.

ನಡಿಗೆ ನಿಂತಿತು ಅಂದುಕೊಂಡೆವು. ನಿಂತಿರಲಿಲ್ಲ. ನನ್ನ ಹೆಂಡತಿ ಯಾರನ್ನೂ ಕೇಳದೆ ಸಿಂಚನಳನ್ನು ಕರೆದುಕೊಂಡು ಭಾನುವಾರ ಹೋಗತೊಡಗಿದಳು. ಸರ್ವೆಯೋರು, ಅವರ ಹೆಂಡತಿ, ಇವರಿಬ್ಬರು. ನಾಲ್ಕು ಜನ ಆದರು. ನಾನು ಭಾನುವಾರವೂ ಅಂಗಡಿ ತೆಗೆದು ಕೂರುತ್ತಿದ್ದೆ, ಗಿರಾಕಿಯೇ ಇಲ್ಲದ ಅಂಗಡಿಯಲ್ಲಿ. ಎರಡು ವರ್ಷ ಹೀಗೇ ಆಯಿತು. ಅವರ ಎದುರಿಗೆ ಹೋಗುವ ಮುಖ ನನಗಿರಲಿಲ್ಲ. ಹೋಗಿ ಕಾಲಿಗೆ ಬಿದ್ದಿದ್ದರೆ ಮುಗಿಯುತ್ತಿತ್ತು, ನಾಳೆ ಹೋಗೋಣ ಅನ್ನುತ್ತಿದ್ದೆ. ಒಂದು ಬೆಳಿಗ್ಗೆ ಸರ್ವೆಯೋರು ಫ್ಲಾಸ್ಕಿಗೆ ಕಾಫಿ ಹಾಕಿಸಿಕೊಳ್ಳುತ್ತಾ ಅಡುಗೆಮನೆ ಬಾಗಿಲಲ್ಲಿ ಕೂತವರು ಹಾಗೇ ತೀರಿಹೋದರಂತೆ.

ತಿಥಿಯ ದಿನ ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಒಂದು ಹಳೇ ಕಚೇರಿ ಕವರು ಕೊಟ್ಟರು. “ನಿಮಗೆ ಕೊಡು ಅಂತ ಇಟ್ಟಿದ್ರು ಕಣಪ್ಪಾ. ನೀವೇ ಬಂದು ಕೇಳ್ತೀರ ಅಂತ ಕಾಯ್ತಿದ್ರು.” ಬಿಚ್ಚಿದರೆ ನನ್ನದೇ ಪಹಣಿ. ದಪ್ಪನೆಯ ಲ್ಯಾಮಿನೇಷನ್, ಹಿಂದೆಲ್ಲ ಬಂಡೆಯ ಗೀರು. ಜೊತೆಗೆ ಒಂದು ಚೀಟಿ, ಅದೇ ಗುಂಡಗಿನ ಅಕ್ಷರ: ‘ಸ್ಥಳ ನೋಡಿದೆ. ಅಳೆದೆ. ಹೊಂಗೆ ಮರ ನಿಮ್ಮ ಅಣ್ಣನದು. ಬದಿನಿಂದ ನಾಲ್ಕು ಅಡಿ ನೀನು ಬಿಡತಕ್ಕದ್ದು. ಕೇಳಿದಾಗ ಹೇಳೋಣ ಅಂತ ಇದ್ದೆ. ನಿಮ್ಮ ಮನೆ ಕಾಫಿ ಚೆನ್ನಾಗಿತ್ತು.’

ಸಿಂಚನಳನ್ನು ಕೇಳಿದೆ. ಅವಳಿಗೆ ಎಲ್ಲ ನೆನಪಿತ್ತು. “ಅವತ್ತು ನಂಗೆ ಜಾರೋಕೆ ಇರ್ಲಿಲ್ಲ ಅಂತ ನಿನ್ ಬ್ಯಾಗಿಂದ ತಗೊಂಡಿದ್ದೆ. ತಾತ ಅದನ್ನ ಓದಿ, ನಿಮ್ಮಪ್ಪಂದಾ ಮಗಾ ಅಂದ್ರು. ಹೂಂ ಅಂದೆ. ಜೇಬಲ್ಲಿಟ್ಕೊಂಡು ಸೀದಾ ನಿನ್ ಹತ್ರ ಬಂದು ಕೂತ್ಕೊಂಡ್ರು.”

ಅಂದರೆ ಅವರು ನನ್ನ ಹೆಗಲ ಮೇಲೆ ಕೈಹಾಕಿ ಆ ಮಾತು ಹೇಳಿದಾಗ ನನ್ನ ಪಹಣಿ ಅವರ ಜೇಬಿನಲ್ಲೇ ಇತ್ತು. ಎಲ್ಲ ತಿಳಿದೂ ನಮ್ಮ ಮನೆಗೆ ಬಂದು ಕಾಫಿ ಕುಡಿದರು. ಕುಡಿದೂ ಕಲ್ಲು ಅರ್ಧ ಅಡಿಯೂ ಜರುಗಲಿಲ್ಲ. ನಾನು ಅಲ್ಲೇ ತಿಥಿ ಮನೆಯ ಗೋಡೆಗೆ ಒರಗಿ ಜೋರಾಗಿ ಅತ್ತೆ. ಬಂದವರು ನನಗೂ ಸತ್ತವರಿಗೂ ಏನೋ ವ್ಯವಹಾರ ಇದ್ದಿರಬೇಕು ಅಂದುಕೊಂಡರು.

ಮುಂದಿನ ಭಾನುವಾರ ಮಗಳ ಜೊತೆ ಕಟ್ಟೆಮಳಲವಾಡಿಗೆ ಹೋಗಿ, ಬದಿನಿಂದ ನಾಲ್ಕು ಅಡಿ ನಮ್ಮ ಕಡೆಗೆ ಅಳೆದು ಕೆಂಪು ಬಟ್ಟೆಯ ಕಡ್ಡಿ ನೆಟ್ಟೆ. ಅಣ್ಣ ಗುದ್ದಲಿ ಹಿಡಿದುಕೊಂಡೇ ಬಂದ. ಒಂಬತ್ತು ವರ್ಷದ ಮೇಲೆ ಅವನ ಮುಂದೆ ಬಾಯಿ ಬಿಟ್ಟೆ.

“ಅಣ್ಣಾ, ಮರ ನಿಂದೇ. ಇಲ್ಲೀಗಂಟ ನಿಂದೇ. ಬುಟ್ಟಿದ್ದೀನಿ.”

ಅಣ್ಣ ಕಡ್ಡಿ ನೋಡಿದ, ಮರ ನೋಡಿದ, ನನ್ನನ್ನು ನೋಡಿದ. “ನಿಂಗೇನ್ಲಾ ಲಾಭ ಇದ್ರಲ್ಲಿ?”

“ಏನಿಲ್ಲ ಕಣಣ್ಣ.”

ಅವನು ನಂಬಲಿಲ್ಲ. ಅದರ ಮುಂದಿನ ಭಾನುವಾರ ಹೋದರೆ ಕಡ್ಡಿ ನಮ್ಮ ಕಡೆಗೆ ಇನ್ನೆರಡು ಅಡಿ ಜರುಗಿತ್ತು. “ಅಪ್ಪಾ, ಕಡ್ಡಿ ನಡ್ಕೊಂಡ್ ಬಂದದೆ” ಅಂತ ಮಗಳು ಬಿದ್ದು ಬಿದ್ದು ನಕ್ಕಳು. ಅಣ್ಣ ಅಲ್ಲೇ ನಿಂತಿದ್ದ. “ಕೇಳ್ದೇನೆ ನಾಕಡಿ ಬುಟ್ಟೆ ಅಂದ್ರೆ, ನಿಜವಾಗಿ ಆರಡಿ ಇರ್ಬೇಕು ಕಣ್ಲಾ. ನಾನೇನು ದಡ್ನಾ?” ನನಗೆ ರಕ್ತ ಕುದಿಯಿತು. ಕಡ್ಡಿ ಕೀಳಲು ಬಗ್ಗಿದೆ. ಬಗ್ಗಿದವನಿಗೆ ಏನಾಯಿತೋ, ನಗು ಬಂದುಬಿಟ್ಟಿತು. ಸರ್ವೆಯೋರು ಇರಬೇಕಿತ್ತು, ಅವರಿಗೆ ಹೇಳಬೇಕಿತ್ತು ಅನ್ನಿಸಿತು, ಕಡ್ಡಿಯನ್ನು ಅಲ್ಲೇ ಬಿಟ್ಟೆ. ಅತ್ತಿಗೆ ಮನೆಯಿಂದ ಕಾಫಿ ಕಳಿಸಿದಳು. ಕುಡಿದೆ. ಕಡ್ಡಿ ಆಗಲೇ ಜರುಗಿತ್ತಲ್ಲ, ಇನ್ನು ಭಯ ಏನು?

ಹೊರಡುವಾಗ, “ಬರೋ ಭಾನುವಾರ ಗುಡ್ಡಕ್ಕೆ ಹೋಗ್ತೀವಿ ಅಣ್ಣಾ. ಮೊಮ್ಮಗಳನ್ನ ಕರ್ಕೊಂಡ್ ಬಾ, ಸುಮ್ನೆ ನಡೆದು ಬರೋಣ” ಅಂದೆ. “ಅಲ್ಲಿ ಯಾವ್ ಜಮೀನು ನೋಡಿದ್ದೀಯೆ?” ಅಂದ.

ಬಂದ ಕಣ್ರೀ. ಬೆಳಿಗ್ಗೆ ಆರಕ್ಕೆ ಸರಿಯಾಗಿ, ಮೊಮ್ಮಗಳ ಕೈ ಹಿಡಿದುಕೊಂಡು, ಹೊಸ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದ. ಸರ್ವೆಯೋರ ಹೆಂಡತಿ ಫ್ಲಾಸ್ಕು ಹಿಡಿದು ಬಂದಿದ್ದರು. ಮಕ್ಕಳು ಮುಂದೆ, ನಾವು ಹಿಂದೆ. ಹಾಸುಬಂಡೆ ತಲುಪಿ ಕೂತಾಗ ಅಣ್ಣ ಜುಬ್ಬದ ಮೇಲೆ ಕೈ ಅಡ್ಡ ಇಟ್ಟುಕೊಂಡು ಬಹಳ ನೆಟ್ಟಗೆ ಕೂತಿದ್ದ. ಜುಬ್ಬದ ಕೆಳಗಿನಿಂದ ಒಂದು ಲ್ಯಾಮಿನೇಷನ್ನಿನ ಮೂಲೆ ಇಣುಕುತ್ತಿತ್ತು. ಕಳಪೆ ಲ್ಯಾಮಿನೇಷನ್ನು, ನನಗೆ ತಿಳಿಯಬಾರದು ಅಂತ ಬೇರೆ ಅಂಗಡಿಯಲ್ಲಿ ಮಾಡಿಸಿದ್ದ.

ನಾನು ಎಡಗಣ್ಣು ಮುಚ್ಚಿ ಅವನನ್ನು ನೋಡಿದೆ. ಹೆಗಲ ಮೇಲೆ ಕೈ ಹಾಕಿದೆ.

“ನೀನೊಬ್ನೇ ಕಣಣ್ಣ, ಕಾಗದ ತರದೆ ಬಂದೋನು.”

ಅಣ್ಣನ ಬಾಯಲ್ಲಿ ಪುಳಿಯೋಗರೆ ಇತ್ತು.